ಠಾಣಾ, ಕಳವಾ, ಮುಂಬ್ರಾ, ದಿವಾ, ಕೋಪರ್

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಹಳೆಯ ಕೆಲಸಗಾರನೊಬ್ಬನನ್ನು ಎಷ್ಟು ಪ್ರೀತಿಯಿಂದ ನೆನೆದಿದ್ದಾನಪ್ಪ ಎಂದು ಓದಿದವರು ನನ್ನನ್ನೇ ಹೊಗಳಿಬಿಡುವ ಅಪಾಯವಿದೆ. ಆ ಹೊಗಳಿಕೆಗೆ ನಾನು ತಕ್ಕವನಲ್ಲ. ಅವರು ದನ ನೋಡಿಕೊಳ್ಳುತ್ತಿದ್ದ, ಕಲ್ಯಾಣದಾಚೆಯ ಡೇರಿ ಫಾರ್ಮಿನಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಮರಾಠಿಯವರಿಗೂ ಅದು ಚಿಕ್ಕಪ್ಪನೇ, ಅವರ ವಿಜಯಪುರದ ಕಡೆಯವರಿಗೂ ಚಿಕ್ಕಪ್ಪನೇ. ಉಡುಪಿ ಮೂಲದ ನಾನೂ ಹಾಗೆಯೇ ಕರೆದೆ. ಹೋದ ತಿಂಗಳು ಠಾಣೆಯ ಪಕ್ಕದ ಕಳವಾ ಎಂಬಲ್ಲಿ, ತಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಕಾಕಾ ತೀರಿಕೊಂಡರು. ಸುದ್ದಿ ತಿಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ, ನಿರಾಳ. ಅವರಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ಇನ್ನು ಹೇಳಬೇಕಾಗಿಲ್ಲವಲ್ಲ ಎಂಬ ನಿರಾಳ. ಹಾಗೆ ಅನ್ನಿಸಿತಲ್ಲ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಡೊಂಬಿವಲಿಯವನು. ಅಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನನ್ನನ್ನು ಓದಿಸಿದರು. ನಾನು ಸಂಖ್ಯಾಶಾಸ್ತ್ರ ಕಲಿತು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಒಂದು ಕಂಪನಿ ಸೇರಿದೆ. ಡೇರಿಗಳ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ತುಂಬಿಸಿ, ಯಾವ ಹಸುವಿನ ಸಂತಾನವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಸಲಹೆ ಕೊಡುವ ಕಂಪನಿ. ಹಸುವಿಗೆ ಬಾಲ ಯಾವ ಕಡೆ ಇರುತ್ತದೆ ಎಂದು ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಬೇಕಾದ ಮನುಷ್ಯ ಹಸುವಿನ ತಳಿಯ ಸಲಹೆಗಾರನಾದೆ. ಪ್ಯಾಂಟಿಗೆ ಸೆಗಣಿ ತಾಗದಂತೆ ನಡೆಯುವುದನ್ನು ಕಲಿಯಲಿಕ್ಕೇ ನನಗೆ ಒಂದು ಮಳೆಗಾಲ ಬೇಕಾಯಿತು.

ಮೊದಲ ಸಲ ಫಾರ್ಮಿಗೆ ಹೋದಾಗ ಕಾಕಾ ಒಂದು ಹಸುವಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಹಸು ಮಲಗಿತ್ತು. ಇವರು ಹಾಲು ಕರೆಯುತ್ತಿರಲಿಲ್ಲ, ಮೈ ತೊಳೆಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು.

"ಏನು ನೋಡ್ತಾ ಇದ್ದೀರಿ?" ಎಂದು ಕೇಳಿದೆ.

"ಏಳೂದು ನೋಡಾಕ ಕುಂತೇನ್ರಿ ಸರ."

ಅದು ಏಳುವ ತನಕ ನಾನೂ ಬೆಪ್ಪನಂತೆ ನಿಂತೆ. ಬಹಳ ಹೊತ್ತಾದ ಮೇಲೆ ಹಸು ಹಿಂಗಾಲೂರಿ, ಮುಂಗಾಲೂರಿ ಎದ್ದಿತು. ಕಾಕಾ ಹಲ್ಲು ಬಿಟ್ಟು ನಕ್ಕರು. "ನೋಡಿದ್ರ್ಯಾ? ಅವಸರ ಇಲ್ಲ, ನರಳೂದಿಲ್ಲ. ಇದು ಇರೂ ಆಕಳರಿ."

'ಇರೂ ಆಕಳ' ಎಂಬುದು ಅವರದೇ ಮಾತು. ಬಹಳ ವರ್ಷ ಬಾಳುವ ಹಸು ಎಂದರ್ಥ. "ಹಾಲು ಕೊಡೂ ಆಕಳ ಎಲ್ಲಾರೂ ಹುಡಕ್ತಾರ, ಇರೂ ಆಕಳ ಯಾರೂ ಹುಡಕೂದಿಲ್ಲ" ಎನ್ನುತ್ತಿದ್ದರು. ಬಕೆಟ್ಟುಗಟ್ಟಲೆ ಹಾಲು ಕೊಟ್ಟು ಮೂರನೆಯ ಸೂಲಿಗೆ ಕೆಚ್ಚಲು ಬಾವು ಬಂದು ಕೂರುವ ಹಸುವಿಗಿಂತ, ಹದವಾಗಿ ಕರೆಯುತ್ತ ಹತ್ತು ಸಲ ಈಯುವ ಹಸು ಮೇಲು ಎಂಬುದು ಅವರ ವಾದ. ಅದಕ್ಕಾಗಿ ಅವರು ಮೂರು ನೋಡುತ್ತಿದ್ದರು: ಗೊರಸು, ಕೆಚ್ಚಲು, ಸ್ವಭಾವ. ಕೆಚ್ಚಲಿನ ತಳ ಹಿಂಗಾಲಿನ ಗಂಟಿಗಿಂತ ಮೇಲಿರಬೇಕು, ಜೋತು ಬಿದ್ದರೆ ಆಯಸ್ಸೂ ಜೋತು ಬಿತ್ತು. ಈ ಮೂರನ್ನು ನೋಡಿದ ಮೇಲೆ ತಾಯಿಯಲ್ಲಿ ಇವು ಹೇಗಿದ್ದವು, ಅಜ್ಜಿಯಲ್ಲಿ ಹೇಗಿದ್ದವು ಎಂದು ನೆನಪಿಸಿಕೊಳ್ಳುತ್ತಿದ್ದರು. ನನ್ನ ಲ್ಯಾಪ್‌ಟಾಪಿನಲ್ಲಿದ್ದ ದೊಡ್ಡ ದೊಡ್ಡ ಪ್ರಬಂಧಗಳೂ ಸುತ್ತಿ ಬಳಸಿ ಇದನ್ನೇ ಹೇಳುತ್ತಿದ್ದವು. ಹಸುವಿನ ಆಯಸ್ಸು ಸ್ವಲ್ಪ ಮಟ್ಟಿಗೆ ವಂಶದಲ್ಲಿ ಬರುತ್ತದೆ, ಅದೂ ನೇರವಾಗಿ ಅಲ್ಲ, ಕಾಲು, ಕೆಚ್ಚಲು, ರೋಗ ತಡೆಯುವ ಶಕ್ತಿ ಇವುಗಳ ಬೆನ್ನೇರಿ ಬರುತ್ತದೆ. ಉಳಿದದ್ದೆಲ್ಲ ಮೇವು, ನೆಲ ಮತ್ತು ಸಾಕುವ ಕೈ.

ವಂಶವನ್ನು ನೆನಪಿಡಲು ಅವರು ಕಂಡುಕೊಂಡಿದ್ದ ಉಪಾಯ ಇಡೀ ಫಾರ್ಮಿನಲ್ಲಿ ತಮಾಷೆಯ ವಸ್ತುವಾಗಿತ್ತು. ಹಸುಗಳ ಕಿವಿಗೆ ನಂಬರಿನ ಬಿಲ್ಲೆ ಇತ್ತು. ಕಾಕಾಗೆ ಅದು ಸೇರುತ್ತಿರಲಿಲ್ಲ. "ಕೈದಿಗೆ ಹಾಕಿದಂಗ ಹಾಕ್ಯಾರ್ರಿ" ಎನ್ನುತ್ತಿದ್ದರು. ಅವರು ದಿನವೂ ಕಳವಾದಿಂದ ಕಲ್ಯಾಣಕ್ಕೆ ಸ್ಲೋ ಲೋಕಲ್ಲಿನಲ್ಲಿ ಬರುತ್ತಿದ್ದವರು. ಠಾಣೆಯಿಂದ ಹೊರಟ ಆ ದಾರಿಯ ಸ್ಟೇಷನ್ನುಗಳ ಹೆಸರನ್ನೇ ಹಸುಗಳಿಗೆ ಇಟ್ಟರು. ತಾಯಿ ಠಾಣಾ, ಅವಳ ಮಗಳು ಕಳವಾ, ಕಳವಾಳ ಮಗಳು ಮುಂಬ್ರಾ, ಮುಂಬ್ರಾಳ ಮಗಳು ದಿವಾ, ದಿವಾಳ ಮಗಳು ಕೋಪರ್. ಸ್ಟೇಷನ್ನಿನ ಸಾಲು ತಪ್ಪುವ ಹಾಗಿಲ್ಲ, ಆದ್ದರಿಂದ ಪೀಳಿಗೆಯ ಸಾಲೂ ತಪ್ಪುವುದಿಲ್ಲ. ತುಂಬಿದ ಗಾಡಿಯಲ್ಲಿ ನೇತಾಡುತ್ತ ಅವರು ಫೋನಿನಲ್ಲಿ, "ಮುಂಬ್ರಾ ಬೆದಿಗಿ ಬಂದೈತಿ, ಡಾಕ್ಟರಿಗೆ ಹೇಳ್ರಿ" ಎಂದು ಕೂಗಿದಾಗ ಪಕ್ಕದ ಕನ್ನಡದವರು ತಿರುಗಿ ನೋಡುತ್ತಿದ್ದರಂತೆ.

ಬಹಳ ಹಾಲು ಕೊಟ್ಟು ಬೇಗ ಮುಗಿಯುವ ಹಸುಗಳ ಮನೆತನಕ್ಕೆ ಅವರು 'ಫಾಸ್ಟ್ ಗಾಡಿ' ಎನ್ನುತ್ತಿದ್ದರು. "ಠಾಣಾ ಬಿಟ್ಟರ ಡೊಂಬಿವಲಿ, ಡೊಂಬಿವಲಿ ಬಿಟ್ಟರ ಕಲ್ಯಾಣ, ಮುಗೀತು. ನಮ್ಮದು ಸ್ಲೋ ಗಾಡಿರಿ. ಎಲ್ಲಾ ಕಡೆ ನಿಂತು ಹೋಗತೈತಿ, ಆದ್ರ ಹೋಗತೈತಿ." ಠಾಣಾಳಿಗೆ ಆಗ ಹದಿನಾಲ್ಕು ವರ್ಷ, ಹತ್ತನೆಯ ಸೂಲು. ಮಗಳು, ಮೊಮ್ಮಗಳು, ಮರಿಮಗಳು, ಅವಳ ಮಗಳು ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಮೇವು ತಿನ್ನುತ್ತಿದ್ದರು. ಐದು ತಲೆಮಾರು ಒಟ್ಟಿಗೆ ಜೀವದಿಂದಿರುವ ಹಸುವಿನ ಮನೆತನವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಆ ಸಾಲನ್ನು ಡೊಂಬಿವಲಿ, ಠಾಕುರ್ಲಿ ದಾಟಿಸಿ ಕಲ್ಯಾಣದವರೆಗೆ ಒಯ್ಯಬೇಕು, ಅಲ್ಲಿಯವರೆಗೆ ತಾನು ಕೆಲಸ ಬಿಡಬಾರದು ಎಂಬುದು ಕಾಕಾನ ಒಂದೇ ಆಸೆ.

ಅಷ್ಟರಲ್ಲಿ ಫಾರ್ಮಿನ ಮಗ್ಗುಲಿನ ಜಾಗ ಬಿಲ್ಡರನ ಪಾಲಾಯಿತು. ಶೆಡ್ಡು ಅರ್ಧಕ್ಕಿಳಿಯಿತು. ಯಾವ ಮನೆತನಗಳನ್ನು ಉಳಿಸಿಕೊಳ್ಳಬೇಕು ಎಂದು ಫಾರ್ಮಿನ ಮಾಲೀಕ ಸೇಠ್ ನಮ್ಮ ಕಂಪನಿಯನ್ನು ಕೇಳಿದರು. ಕೆಲಸ ನನ್ನ ಪಾಲಿಗೆ ಬಂತು. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ಕಾಕಾ ಮಾತ್ರ ಕುಣಿದಾಡಿದರು. ರಿಜಿಸ್ಟರುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು, ತಾವೇ ವಾಗ್ಳೆ ಎಸ್ಟೇಟಿಗೆ ತಂದು ಕೊಟ್ಟರು. "ನಾ ಇಷ್ಟ ವರ್ಷ ಒದರಿದ್ರೂ ಯಾರೂ ಕೇಳಲಿಲ್ಲರಿ. ಈಗ ಕಂಪ್ಯೂಟರ ಹೇಳತೈತಿ, ಕೇಳೇ ಕೇಳತಾರ" ಎಂದರು. ನನ್ನ ಮೇಲೆ ಅವರಿಗೆ ಅಷ್ಟು ಭರವಸೆ.

ರಿಜಿಸ್ಟರಿನಲ್ಲಿ ಪ್ರತಿ ಹಸುವಿಗೆ ಹುಟ್ಟಿದ ದಿನ ಇತ್ತು, ಕೊನೆಯಲ್ಲಿ ಅದು ಸತ್ತು ಹೋದ ದಿನ ಇತ್ತು. ಹೋದ ದಿನದಿಂದ ಹುಟ್ಟಿದ ದಿನ ಕಳೆದರೆ ಆಯಸ್ಸು. ಮನೆತನದ ಎಲ್ಲ ಹಸುಗಳ ಆಯಸ್ಸಿನ ಸರಾಸರಿ ತೆಗೆದರೆ ಆ ಮನೆತನ ಎಷ್ಟು ಬಾಳುತ್ತದೆ ಎಂದು ತಿಳಿಯುತ್ತದೆ. ಕೆಲವು ಹಸುಗಳ ಮುಂದೆ ಹೋದ ದಿನ ಬರೆಯುವ ಕೊನೆಯ ಮನೆ ಖಾಲಿ ಇತ್ತು. ಕೂಲಿ ಜನ, ಬರೆಯಲು ಸೋಮಾರಿತನ ಮಾಡಿದ್ದಾರೆ ಎಂದುಕೊಂಡೆ. ಖಾಲಿ ಇದ್ದ ಹಸುಗಳನ್ನೆಲ್ಲ ಬಿಟ್ಟು ಉಳಿದವನ್ನು ಲೆಕ್ಕ ಹಾಕು ಎಂದು ಕಂಪ್ಯೂಟರಿಗೆ ಹೇಳಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅದು. ಹೇಳಿದಂತೆ ಮಾಡಿತು.

ಬಂದ ಪಟ್ಟಿಯಲ್ಲಿ ಠಾಣಾಳ ಮನೆತನ ಎಲ್ಲಕ್ಕಿಂತ ಕೆಳಗಿತ್ತು. ಸರಾಸರಿ ಆಯಸ್ಸು ಮೂರು ವರ್ಷ.

ಸೇಠ್‌ರ ಕೋಣೆಯಲ್ಲಿ ನಾನು ಆ ಪಟ್ಟಿಯನ್ನು ಓದಿದಾಗ ಕಾಕಾ ಬಾಗಿಲ ಬಳಿ ನಿಂತಿದ್ದರು. ಮೊದಲು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿದರು.

"ಐದೂ ಅಲ್ಲೇ ನಿಂತಾವಲ್ರಿ ಸರ. ಕಣ್ಣಿಗಿ ಕಾಣಾಕತ್ತಾವು. ಮೂರ ವರ್ಷ ಹೆಂಗ್ರಿ?"

"ನಿಮ್ಮ ರಿಜಿಸ್ಟರಿನಲ್ಲಿ ಇದ್ದದ್ದನ್ನೇ ಹೇಳ್ತಾ ಇದ್ದೇನೆ ಕಾಕಾ. ಆ ಮನೆತನದಲ್ಲಿ ಒಂದೇ ಹಸುವಿನ ರೆಕಾರ್ಡು ಪೂರ್ತಿ ಇರುವುದು. ಅದು ಮೂರು ವರ್ಷಕ್ಕೆ ಸತ್ತಿದೆ."

"ಅದು ಕಳವಾನ ಎರಡನೇ ಮಗಳರಿ. ಪಂಪಿನ ವಾಯರ ತಗಲಿ ಕರೆಂಟ ಹೊಡದು ಸತ್ತದ್ದು. ಕರೆಂಟಿಗಿ ತಳಿ ಇರತೈತೇನ್ರಿ?"

"ಹಾಗೆ ಒಂದೊಂದಕ್ಕೂ ಒಂದೊಂದು ಕತೆ ಹೇಳಿದರೆ ಆಗ್ತದಾ ಮಾರಾಯ್ರೆ? ಉಳಿದವುಗಳ ಕೊನೆಯ ಕಾಲಂ ನೀವು ತುಂಬಿಸಿಯೇ ಇಲ್ಲ."

ಕಾಕಾ ನನ್ನ ಮುಖವನ್ನೇ ನೋಡಿದರು. "ಸಾಯಲಾರದ ಏನ್ ತುಂಬಸ್ಲಿರಿ ಸರ?"

ಸೇಠ್ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನನ್ನ ತಪ್ಪೇನೆಂದು ಆ ಮನುಷ್ಯ ನಾಲ್ಕು ಪದಗಳಲ್ಲಿ ಬಿಡಿಸಿ ಹೇಳಿದ್ದರು. ಬದುಕಿರುವ ಹಸುಗಳನ್ನೆಲ್ಲ ಲೆಕ್ಕದಿಂದ ಹೊರಗಿಟ್ಟು, ಕರೆಂಟು ಹೊಡೆದು ಸತ್ತ ಒಂದೇ ಒಂದು ಹಸುವಿನ ಆಯಸ್ಸನ್ನು ಇಡೀ ಮನೆತನದ ಆಯಸ್ಸು ಎಂದು ನಾನು ಸಾರುತ್ತಿದ್ದೆ. ಆದರೆ ಹೇಳಿದವರು ಸೆಗಣಿ ಬಾಚುವವರು, ಕೇಳಿದವನು ಎಂ.ಎಸ್ಸಿ. "ಡೇಟಾ ಸುಳ್ಳು ಹೇಳುವುದಿಲ್ಲ ಕಾಕಾ. ನಿಮಗೆ ಅವುಗಳ ಮೇಲೆ ಪ್ರೀತಿ, ಅದಕ್ಕೆ ಹಾಗೆ ಕಾಣ್ತದೆ. ನಿಮ್ಮ ಕಣ್ಣು ಮೋಸ ಮಾಡಿದೆ" ಎಂದೆ. ಎಷ್ಟು ಮೃದುವಾಗಿ ಹೇಳಿದೆ ಎಂದರೆ, ನನ್ನ ಸೌಜನ್ಯವನ್ನು ನಾನೇ ಮೆಚ್ಚಿಕೊಂಡೆ.

"ತೋ ಬೇಚ್ ಡಾಲೋ," ಹಾಗಾದರೆ ಮಾರಿಬಿಡಿ ಎಂದರು ಸೇಠ್.

ವ್ಯಾಪಾರಿಯ ಟೆಂಪೊ ಬಂದ ದಿನ ನಾನು ಅಲ್ಲಿದ್ದೆ. ಕಾಕಾ ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ, ಐದರ ಹಗ್ಗವನ್ನೂ ತಾವೇ ಬಿಚ್ಚಿದರು. ಠಾಣಾ ಹಲಗೆಯ ಮೇಲೆ ಅವಸರವಿಲ್ಲದೆ, ಕಾಲು ನಡುಗಿಸದೆ ಹತ್ತಿಹೋದಳು. "ಯಾವ ಊರಿಗಿ ಒಯ್ತೀರಿ?" ಎಂದು ಕಾಕಾ ವ್ಯಾಪಾರಿಯನ್ನು ಹಿಂದಿಯಲ್ಲಿ ಎರಡು ಸಲ ಕೇಳಿದರು. ಅವನು "ದೇಖೇಂಗೆ," ನೋಡೋಣ ಎಂದ. ಕೋಪರ್ ಆಗ ಮೊದಲ ಗಬ್ಬ. ಅವಳ ಹೊಟ್ಟೆಯಲ್ಲಿ ಡೊಂಬಿವಲಿ ಇತ್ತು.

ಅದಾದ ಮೇಲೆ ಕಾಕಾ ಹಸುವಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತದ್ದನ್ನು ನಾನು ಕಾಣಲಿಲ್ಲ. ವಯಸ್ಸಾಯಿತು, ಮಂಡಿ ನೋವಿರಬೇಕು ಎಂದುಕೊಂಡೆ. ಇನ್ನೂ ಈಯದ ಮಣಕಗಳಲ್ಲಿ ಯಾವುದನ್ನು ಉಳಿಸೋಣ ಕಾಕಾ ಎಂದು ಯಾರಾದರೂ ಕೇಳಿದರೆ, "ಕಂಪ್ಯೂಟರಿಗಿ ಕೇಳ್ರಿ" ಎನ್ನುತ್ತಿದ್ದರು. ನನ್ನ ಎದುರಿಗೂ ಹಾಗೆಯೇ ಅಂದರು. ಕೊಂಕು ನುಡಿಯುತ್ತಿದ್ದಾರೆ ಎಂದು ನನಗೆ ಮೈಯೆಲ್ಲ ಉರಿಯಿತು. ಮುದುಕನಿಗೆ ಎಷ್ಟು ಸೊಕ್ಕು ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಒದರಾಡಿದೆ.

ಒಂದೂವರೆ ವರ್ಷದ ನಂತರ ಬೇರೊಂದು ಡೇರಿಯ ಲೆಕ್ಕ ಹಾಕುತ್ತಿದ್ದಾಗ, ಹದಿಮೂರು ವರ್ಷದ ಹಸುವೊಂದು ಪಟ್ಟಿಯಲ್ಲೇ ಇಲ್ಲದಿರುವುದು ಕಣ್ಣಿಗೆ ಬಿತ್ತು. ಯಾಕೆ ಎಂದು ಹುಡುಕಿದೆ. ಅದು ಇನ್ನೂ ಬದುಕಿತ್ತು, ಅದಕ್ಕೇ ಇರಲಿಲ್ಲ. ಕಾಕಾನ ಹಳೆಯ ರಿಜಿಸ್ಟರಿನ ಫೈಲು ತೆರೆದು, ಬದುಕಿದ್ದ ಹಸುಗಳಿಗೆ ಅವು ಅದುವರೆಗೆ ಬಾಳಿದ ವರ್ಷಗಳನ್ನು ಕೊಟ್ಟು, ಸರಿಯಾದ ರೀತಿಯಲ್ಲಿ ಮತ್ತೆ ಲೆಕ್ಕ ಹಾಕಿದೆ. ಠಾಣಾಳ ಮನೆತನ ಎಲ್ಲಕ್ಕಿಂತ ಮೇಲೆ ಬಂದು ನಿಂತಿತು.

ಆಗ ನಾನು ಮಾಡಿದ್ದೇನು? ಸಾಫ್ಟ್‌ವೇರನ್ನು ಸದ್ದಿಲ್ಲದೆ ತಿದ್ದಿದೆ. ಅದಕ್ಕೆ 'ಸುಧಾರಿತ ವಿಧಾನ' ಎಂದು ಹೆಸರಿಟ್ಟು ಆಫೀಸಿನಲ್ಲಿ ಪರದೆಯ ಮೇಲೆ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಸಮೋಸಾ ತರಿಸಿದರು. ಇದನ್ನು ನನಗೆ ಮೊದಲು ಹೇಳಿದವರು ಒಬ್ಬರಿದ್ದಾರೆ ಎಂದು ಬಾಯಿ ತುದಿಗೆ ಬಂದಿತ್ತು, ಸಮೋಸಾದ ಜೊತೆ ನುಂಗಿದೆ. ಹಸುಗಳು ಎಲ್ಲಿ ಹೋದವೋ, ಹುಡುಕುವುದು ಆಗದ ಮಾತು, ಈಗ ಹೇಳಿ ಆ ಮುದುಕನ ಹೊಟ್ಟೆ ಇನ್ನಷ್ಟು ಉರಿಸುವುದೇಕೆ ಎಂದು ನನಗೆ ನಾನೇ ಉಪದೇಶ ಮಾಡಿಕೊಂಡೆ. ಹೇಡಿಗೆ ಇಂಥ ದಯೆಯ ಮಾತುಗಳು ಬಹಳ ಸುಲಭವಾಗಿ ಹೊಳೆಯುತ್ತವೆ.

ಒಂದು ಸಂಜೆ ಮನೆಗೆ ಮರಳುವಾಗ ನನ್ನ ಸ್ಲೋ ಲೋಕಲ್ ಕಳವಾದಲ್ಲಿ ನಿಂತಿತು. ಎದುರು ಪ್ಲಾಟ್‌ಫಾರ್ಮಿನಲ್ಲಿ ಕೆಲಸ ಮುಗಿಸಿ ಇಳಿದ ಕಾಕಾ ನಿಂತಿದ್ದರು. ನನ್ನನ್ನು ಕಂಡು ಕೈಯೆತ್ತಿ, "ಸರ, ಅರಾಮ್ರಿ?" ಎಂದು ಹಳಿಯಾಚೆಯಿಂದ ಕೂಗಿದರು. ನಾನು ಮೊಬೈಲಿನಲ್ಲಿ ಮುಖ ಹುದುಗಿಸಿದೆ. ಗಾಡಿ ಹೊರಡುವಷ್ಟು ಹೊತ್ತೂ ಅವರ ಕೈ ಮೇಲೆಯೇ ಇತ್ತು, ಓರೆಗಣ್ಣಿಗೆ ಕಾಣುತ್ತಿತ್ತು. ಮರುದಿನದಿಂದ ನಾನು ಫಾಸ್ಟ್ ಲೋಕಲ್ ಹಿಡಿದೆ. ಅದು ಠಾಣೆ ಬಿಟ್ಟರೆ ಡೊಂಬಿವಲಿಗೇ ನಿಲ್ಲುತ್ತದೆ. ನೂಕುನುಗ್ಗಲಿಗೆ ಪಕ್ಕೆಲುಬು ನೋಯುತ್ತದೆ, ಆದರೆ ಕಳವಾ ಕಿಟಕಿಯಾಚೆ ಒಂದು ಗಳಿಗೆಯಲ್ಲಿ ಹಾದುಹೋಗುತ್ತದೆ.

ಅವರ ನಿವೃತ್ತಿಯ ದಿನ ಸೇಠ್ ನನ್ನನ್ನೂ ಕರೆಸಿದರು. ಶಾಲು, ತೆಂಗಿನಕಾಯಿ, ಭಾಷಣ. ಅನುಭವ ಮತ್ತು ವಿಜ್ಞಾನ ಒಂದೇ ಗಾಡಿಯ ಎರಡು ಎತ್ತುಗಳು ಎಂದೇನೋ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಹೇಳಬೇಕಾದದ್ದನ್ನು ಹೇಳಲು ಅಷ್ಟು ಜನರ ಮುಂದೆ, ಮೈಕು ಕೈಯಲ್ಲಿದ್ದಾಗ, ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಇಳಿದು ಬಂದಾಗ ಕಾಕಾ ನನ್ನ ಎರಡೂ ಕೈ ಹಿಡಿದು, "ಭಾಳ ಛಲೋ ಮಾತಾಡಿದ್ರಿ ಸರ" ಎಂದರು. ಅವರ ಅಂಗೈ ಗೊರಸಿನಷ್ಟೇ ಗಟ್ಟಿಯಾಗಿತ್ತು.

ಅವರು ತೀರಿಕೊಂಡ ಹತ್ತು ದಿನಕ್ಕೆ ಕಳವಾಗೆ ಹೋದೆ. ಗುಡ್ಡಕ್ಕೆ ಅಂಟಿಕೊಂಡ ಓಣಿ, ಒಂದು ಖೋಲಿ. ಅವರ ಹೆಂಡತಿ, ನನಗೆ ಕಾಕಿ, ಚಾಪೆ ಹಾಸಿ ಕೂರಿಸಿ ಚಹಾಕ್ಕೆ ಇಟ್ಟರು. ಏನೋ ಕೇಳಬೇಕೆಂದು, ಮಂಡಿ ನೋವು ಬಹಳ ಇತ್ತೇ ಎಂದು ಕೇಳಿದೆ.

"ಮಂಡಿ? ಇಲ್ಲಪಾ. ಕಡೀತನಾ ಈ ಗುಡ್ಡ ಹತ್ತಿ ನೀರು ತಂದಾರ."

ಮತ್ತೆ ತಾವೇ ಮಾತು ತೆಗೆದರು. "ಹ್ವಾದ ವರ್ಷ ನಮ್ಮ ಅಳಿಯ ಊರಾಗ ಒಂದ ಆಕಳ ತಗೊಳ್ಳೂದಿತ್ತು. ಮಾವಾ ನೀವ ಬಂದು ಆರಿಸಿ ಕೊಡ್ರಿ ಅಂತ ಎಷ್ಟ ಕೈ ಮುಗದ. ಇವ್ರು ಹೋಗಲೇ ಇಲ್ಲ. ನನ್ನ ಕಣ್ಣಿಗಿ ತಿಳಿಯೂದಿಲ್ಲೋ, ಹದಿನಾಕು ವರ್ಷ ಒಂದ ಮನಿತನ ತಪ್ಪ ನೋಡೇನಿ, ಕಂಪ್ಯೂಟರಿಗಿ ಕೇಳ ಅಂದ್ರು."

"ಸಿಟ್ಟಿನಲ್ಲಿ ಅಂದಿರಬೇಕು" ಎಂದೆ.

"ಸಿಟ್ಟ? ನಿಮ್ಮ ಮ್ಯಾಲೆ ಸಿಟ್ಟ ಹೆಂಗ ಆದಾರು? ನಾನೇ ಒಮ್ಮೆ ಅಂದೆ, ಆ ಸಾಹೇಬರದ ತಪ್ಪಿದ್ದೀತು ಅಂತ. ನನಗ ಬೈದ್ರು. ಓದಿದ ಮನಿಷ್ಯಾ, ಅವರಿಗಿ ಆ ಆಕಳ ಮ್ಯಾಲೆ ಹಗಿ ಐತೇನು, ಸುಳ್ಳ ಯಾಕ ಹೇಳ್ಯಾರು ಅಂದ್ರು."

ಅದು ಕೊಂಕಾಗಿರಲಿಲ್ಲ. ಒಂದು ದಿನವೂ ಆಗಿರಲಿಲ್ಲ. ಆ ಮನುಷ್ಯ ನನ್ನ ಮಾತನ್ನು ನಂಬಿಬಿಟ್ಟಿದ್ದರು. ಹಸು ಏಳುವುದನ್ನು ನೋಡಿ ಅದರ ಆಯಸ್ಸು ಹೇಳುತ್ತಿದ್ದ ಕಣ್ಣನ್ನು, ನಾನು ಹೇಳಿದೆನೆಂದು, ಸಾಯುವ ತನಕ ಅನುಮಾನಿಸಿದರು. ಐದು ಹಸು ಹೋದದ್ದನ್ನೇ ನನ್ನ ಪಾಪ ಎಂದುಕೊಂಡಿದ್ದ ನನಗೆ ಅಲ್ಲಿ ಕೂತಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಹೇಳಿದೆ. ರಿಜಿಸ್ಟರಿನ ಖಾಲಿ ಮನೆ, ಕರೆಂಟಿನ ಹಸು, ತಿದ್ದಿದ ಲೆಕ್ಕ, ಠಾಣಾ ಎಲ್ಲಕ್ಕಿಂತ ಮೇಲೆ ಬಂದದ್ದು. ಅವರ ಕಣ್ಣು ಸರಿಯಾಗಿತ್ತು ಕಾಕಿ, ತಪ್ಪು ನನ್ನದು ಎಂದೆ. ಕಾಕಿ ಸೆರಗಿನಿಂದ ಕಪ್ಪು-ಬಸಿ ಒರೆಸುತ್ತ ಪೂರ್ತಿ ಕೇಳಿದರು.

"ಇದು ನಿಮಗ ಯಾವಾಗ ತಿಳೀತು?"

"ಆರು ವರ್ಷ ಆಯ್ತು."

ಅವರು ಚಹಾ ಸೋಸಿ ನನ್ನ ಮುಂದೆ ಇಟ್ಟರು. ಕೆಳಗೆ ಹಳಿಯ ಮೇಲೆ ಯಾವುದೋ ಲೋಕಲ್ ಬಂದು ನಿಂತ ಸದ್ದಾಯಿತು. ಕಾಕಿ ಆ ಕಡೆ ಕಿವಿಗೊಟ್ಟು, ನಿಜವಾಗಿಯೂ ತಿಳಿಯಲೆಂದೇ ಕೇಳಿದರು:

"ದಿನಾ ಡೊಂಬಿವಲಿಗಿ ಹೋಗ್ತಿದ್ರಲ್ಲ, ನಿಮ್ಮ ಗಾಡಿ ಕಳವಾದಾಗ ನಿಲ್ಲತಿರಲಿಲ್ಲೇನ್ರಿ?"

"ನಿಲ್ಲುವ ಗಾಡಿಯೂ ಇತ್ತು ಕಾಕಿ," ಎಂದೆ. "ನಾನು ಹತ್ತಲಿಲ್ಲ."